ಕಳೆದುಹೋದ ಎಪ್ಪತ್ತೆರಡು ಕುದುರೆ

ನಾಗಶ್ರೀಯ ಮದುವೆ ಗೊತ್ತಾದ ದಿನವೇ ಅವಳ ಸೋದರಮಾವನಿಗೂ ಚಿಕ್ಕಪ್ಪನಿಗೂ ಜಗಳ ಶುರುವಾಯಿತು. ಸೋದರಮಾವ ಅಂಬರೀಶ್ ಮದ್ದೂರು ತಾಲ್ಲೂಕಿನ ಕೊಪ್ಪದವನು, ಚಿಕ್ಕಪ್ಪ ಸಂತೋಷ್ ಮಳವಳ್ಳಿಯವನು. ಇಬ್ಬರ ಹತ್ತಿರವೂ ಒಂದೊಂದು ಅಮೆರಿಕದ ಮಸಲ್ ಕಾರು. ಉದ್ದ ಮೂತಿ, ಎರಡೇ ಬಾಗಿಲು, ಸ್ಟಾರ್ಟ್ ಮಾಡಿದರೆ ಕೊಟ್ಟಿಗೆಯ ಹಸುಗಳು ಹಗ್ಗ ಜಗ್ಗುವಂಥ ಸದ್ದು. ಅಂಬರೀಶ್ ತನ್ನದನ್ನು ಹೆದ್ದಾರಿಗೆ ಹೋದ ಗದ್ದೆಯ ಪರಿಹಾರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಅದನ್ನು ಕಂಡು ನಿದ್ದೆಗೆಟ್ಟ ಸಂತೋಷ್, ಬಂಡೂರು ಕುರಿ ಸಾಕಿ ಸಂಪಾದಿಸಿದ್ದರಲ್ಲಿ ಬೇರೆ ಕಂಪನಿಯದೊಂದನ್ನು ತಂದು ಅದಕ್ಕೆ ಕೆಂಪು ಪಟ್ಟೆ ಎಳೆಸಿದ್ದ.

ಮದುಮಗಳು ಮದ್ದೂರಿನ ಮನೆಯಿಂದ ಮಂಡ್ಯದ ಕಲ್ಯಾಣ ಮಂಟಪಕ್ಕೆ ಯಾರ ಕಾರಿನಲ್ಲಿ ಹೋಗಬೇಕು ಎಂಬುದೇ ಜಗಳ.

“ಸೋದರಮಾವ ನಾನು. ನನ್ ಕಾರಲ್ಲೇ ಬರ್ಬೇಕು. ನಾನೂರೈವತ್ತು ಆರ್ಸ್ ಪವರ್, ನಾನೂರೈವತ್ತು ಕುದ್ರೆ ಕಣ್ ಬಾವ ನಂದು,” ಎಂದ ಅಂಬರೀಶ್.

“ನಂದೂ ಕಂಪ್ನಿಯಿಂದ ಬರೋವಾಗ ಅಷ್ಟೇ ಇತ್ತು. ಬೆಂಗ್ಳೂರಲ್ಲಿ ಇಂಜಿನ್ ಸಾಫ್ಟ್‌ವೇರ್ ಬದ್ಲಾಯ್ಸ್‌ದೆ. ಈಗ ಐನೂರು. ನಿನ್ ಕಾರು ನನ್ ಕಾರಿನ್ ಧೂಳು ಕುಡೀಬೇಕು ಓಗು,” ಎಂದ ಸಂತೋಷ್.

ನಾಗಶ್ರೀ ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಮೂರು ಭಾನುವಾರ ಈ ಮಾತು ಕೇಳಿ ಅವಳಿಗೆ ಸಾಕಾಗಿತ್ತು. “ಇಬ್ರೂ ಬಾಯಲ್ಲೇ ಕುದ್ರೆ ಓಡಿಸ್ಬೇಡಿ. ಮಂಡ್ಯದಲ್ಲಿ ನನ್ ಫ್ರೆಂಡ್ ರಂಜಿತ ಗ್ಯಾರೇಜ್ ಇಟ್ಟವ್ಳೆ. ಕಾರಿನ ಪವರ್ ಅಳೆಯೋ ಮಿಷಿನ್ ಐತೆ ಅವಳ ಹತ್ರ. ಅಳೆಸ್ಕೊಂಡ್ ಬನ್ನಿ. ಯಾವ್ದು ಜಾಸ್ತಿಯೋ ಅದ್ರಲ್ಲಿ ಬತ್ತೀನಿ,” ಅಂದಳು. ಇಬ್ಬರೂ ಸುಮ್ಮನಾದರೆ ಸಾಕೆಂದು ಹೇಳಿದ್ದು, ಅಷ್ಟೆ. ಮಾರನೆಯ ದಿನವೇ ಇಬ್ಬರೂ ಹೊರಟುನಿಂತರು.

ಅಂಬರೀಶನ ಜೊತೆ ಹೆಂಡತಿ ಶ್ವೇತಳೂ ಬಂದಳು. ಊರ ಹಾಲನ್ನೆಲ್ಲ ಪಿಕಪ್ ಗಾಡಿಗೆ ತುಂಬಿಕೊಂಡು, ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ತಾನೇ ಓಡಿಸಿಕೊಂಡು ಹೋಗುವವಳು ಅವಳು. ಆದರೆ ಈ ಕಾರಿನ ಸ್ಟೇರಿಂಗನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಬೆರಳಚ್ಚು ಬೀಳುತ್ತದೆಂದು ಅಂಬರೀಶ್ ಜೇಬಿನಿಂದ ಬಟ್ಟೆ ತೆಗೆಯುತ್ತಿದ್ದ.

ರಂಜಿತಳ ಗ್ಯಾರೇಜಿನ ನೆಲದಲ್ಲಿ ಎರಡು ದಪ್ಪ ಉಕ್ಕಿನ ಉರುಳೆಗಳಿದ್ದವು. ಕಾರಿನ ಹಿಂದಿನ ಚಕ್ರಗಳನ್ನು ಅವುಗಳ ಮೇಲೆ ಕೂರಿಸಿ, ಕಾರು ಎಗರದಂತೆ ನಾಲ್ಕು ಮೂಲೆಗೂ ಪಟ್ಟಿ ಬಿಗಿಯುವುದು. ಎದುರಿಗೆ ದೊಡ್ಡ ಫ್ಯಾನು. ಚಕ್ರ ಉರುಳೆಯನ್ನು ಎಷ್ಟು ಜೋರಾಗಿ ತಿರುಗಿಸುತ್ತದೆಯೋ ಅದರ ಲೆಕ್ಕ ಪಕ್ಕದ ಪರದೆಯ ಮೇಲೆ ಬರುತ್ತಿತ್ತು. ಕಾರು ನಿಂತಲ್ಲೇ ನಿಂತು ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ ಎಂದು ರಂಜಿತ ಹೇಳಿದಾಗ ಸಂತೋಷ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಮೊದಲು ಅವನ ಕಾರು. ರಂಜಿತಳೇ ಕೂತು ಓಡಿಸಿದಳು. ಶೆಡ್ಡಿನ ತಗಡೆಲ್ಲ ನಡುಗಿ, ಸದ್ದು ಏರಿ ಇಳಿದ ಮೇಲೆ ಪರದೆಯಲ್ಲಿ ಮುನ್ನೂರ ಅರವತ್ತಾರು ಎಂದು ಮೂಡಿತು.

“ಮಿಷಿನ್ ಕೆಟ್ಟೋಗದೆ,” ಎಂದ ಸಂತೋಷ್.

“ಮಿಷಿನ್ ಸರಿಯಾಗೇ ಇದೆ ಅಣ್ಣ,” ಎಂದಳು ರಂಜಿತ. “ಕಂಪ್ನಿಯವ್ರು ಹೇಳೋ ಲೆಕ್ಕ ಇಂಜಿನ್ನಿನ ಬಾಯಲ್ಲಿ ಅಳೆದಿದ್ದು. ಅಲ್ಲಿಂದ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಎಲ್ಲಾ ದಾಟಿ ಚಕ್ರಕ್ಕೆ ಬರೋ ಹೊತ್ತಿಗೆ ಒಂದಷ್ಟು ಸವೆದೋಗುತ್ತೆ. ಬಿಸಿಲು ಬೇರೆ. ಇಷ್ಟು ಕಮ್ಮಿ ಬರೋದು ಮಾಮೂಲಿ.”

“ಮತ್ತೆ ಸಾಫ್ಟ್‌ವೇರು?”

ರಂಜಿತ ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ ಸ್ವಲ್ಪ ಹೊತ್ತು ನೋಡಿದಳು. “ಯಾರೂ ಏನೂ ಬದಲಾಯ್ಸಿಲ್ಲ ಅಣ್ಣ. ‘ಐನೂರು’ ಅಂತ ಸ್ಟಿಕ್ಕರ್ ಮಾತ್ರ ಚೆನ್ನಾಗಿ ಅಂಟ್ಸಿದ್ದಾರೆ.”

ಅಂಬರೀಶ್ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಕ್ಕು ಮುಗಿದ ಮೇಲೆ ತನ್ನ ಕಾರನ್ನು ತಂದು ನಿಲ್ಲಿಸಿದ. ರಂಜಿತ ಬಾಗಿಲಿಗೆ ಕೈ ಹಾಕಿದಾಗ ತಡೆದ. “ನನ್ ಕಾರ್ನ ಯಾರ್ಗೂ ಕೊಡಾಕಿಲ್ಲ ಕಣವ್ವ. ನಾನೇ ಓಡುಸ್ತೀನಿ.”

ಆಕ್ಸಿಲರೇಟರನ್ನು ನೆಲಕ್ಕೆ ತಾಗುವಷ್ಟು ಒತ್ತಿ, ತಾನು ಕೈ ಎತ್ತುವ ತನಕ ಬಿಡಬಾರದು ಎಂದು ರಂಜಿತ ಹೇಳಿಕೊಟ್ಟಳು. ಅವನು ಸರಿ ಎಂದ. ಸದ್ದು ಏರಿತು, ಅರ್ಧಕ್ಕೇ ಬಿದ್ದುಹೋಯಿತು. ಇನ್ನೂರ ಹದಿನಾಲ್ಕು.

ಈಗ ಕಣ್ಣೀರು ಒರೆಸಿಕೊಳ್ಳುವ ಸರದಿ ಸಂತೋಷನದು. “ಮಿಕ್ಕಿದ್ ಕುದ್ರೆಗಳು ಮದ್ದೂರಲ್ಲಿ ವಡೆ ತಿನ್ನಾಕೆ ಇಳ್ಕಂಡ್ವೇನ್ ಬಾವ?”

ಅಂಬರೀಶ್ ಮತ್ತೆ ಓಡಿಸಿದ. ಈ ಸಲ ಇನ್ನೂರ ಒಂಬತ್ತು. ರಂಜಿತ ಪರದೆಯ ಮೇಲಿನ ಗೆರೆಯನ್ನು ದಿಟ್ಟಿಸಿ, “ಅಣ್ಣ, ನೀವು ಪೂರ್ತಿ ಒತ್ತುತ್ತಲೇ ಇಲ್ಲ. ಅರ್ಧ ದಾರೀಲಿ ಕಾಲು ತೆಗೀತಿದ್ದೀರಿ. ರೋಡಲ್ಲಿ ಹೆಂಗೆ ಓಡಿಸ್ತೀರಿ?” ಎಂದು ಕೇಳಿದಳು.

ಅಂಬರೀಶ್ ಜೇಬಿನಿಂದ ಬಟ್ಟೆ ತೆಗೆದು ಸ್ಟೇರಿಂಗ್ ಒರೆಸತೊಡಗಿದ. ಉತ್ತರ ಕೊಟ್ಟವಳು ಶ್ವೇತ. “ಅರವತ್ರ ಮೇಲೆ ಓದ್ರೆ ಕೇಳಮ್ಮ. ಓದ್ ವಾರ ಕಬ್ಬಿನ್ ಟ್ರಾಕ್ಟರ್ ನಮ್ಮುನ್ನ ಓವರ್‌ಟೇಕ್ ಮಾಡ್ತು.”

ಮೂರನೆಯ ಸಲ ಅವನು ಹಲ್ಲು ಕಚ್ಚಿ, ಸ್ಟೇರಿಂಗನ್ನು ಅಪ್ಪಿಕೊಂಡಂತೆ ಹಿಡಿದು ಒತ್ತಿದ. ಇಂಜಿನ್ ಬೊಬ್ಬೆಯಿಟ್ಟಿತು, ಪಟ್ಟಿಗಳು ಬಿಗಿದು ಕಾರು ಕುಸಿದು ಕೂತಂತಾಯಿತು. ಕಾಲು ತಾನಾಗಿಯೇ ಮೇಲೆ ಬಂತು, ಪರದೆಯಲ್ಲಿ ಮತ್ತೆ ಇನ್ನೂರ ಒಂಬತ್ತು. ಅವನು ಬೆವೆತು ಕೆಳಗಿಳಿದ. ಸಂತೋಷ್ ಈ ಸಲ ನಗಲಿಲ್ಲ.

“ಅದು ಕೂಗ್ತದೆ ಕಣೆ,” ಎಂದು ಅಂಬರೀಶ್ ಹೆಂಡತಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ. “ಅದುಕ್ಕೆ ನೋವಾಯ್ತದೇನೋ ಅನ್ನುಸ್ತದೆ.”

ಶ್ವೇತ ಅವನ ಮುಖವನ್ನೇ ನೋಡಿದಳು. ನಗು ಬಂದರೂ ತಡೆದುಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಅತ್ಲಾಗ್ ಸರೀರಿ. ನಾನ್ ಒತ್ತೀನಿ,” ಎಂದಳು.

“ನೀನಾ?”

“ಬಾವನ್ ಮುಂದೆ ಇನ್ನೂರೊಂಬತ್ತು ಅಂತ ಏಳ್ಕಂಡು ಮನೇಗ್ ಓಗಾಕೆ ನಂಗಾಗಾಕಿಲ್ಲ.”

ಅವಳು ಕೂತಳು. ರಂಜಿತ ಸನ್ನೆ ಮಾಡಿದ್ದೇ ತಡ, ಶ್ವೇತಳ ಬರಿಗಾಲು ನೆಲ ಮುಟ್ಟಿತು, ಮೇಲೆ ಬರಲಿಲ್ಲ. ಆ ಸದ್ದನ್ನು ಅಂಬರೀಶ್ ಯಾವತ್ತೂ ಕೇಳಿರಲಿಲ್ಲ. ಹೊರಗೆ ಹೊಂಗೆ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದುಹೋದವು. ಪಕ್ಕದ ಟೀ ಅಂಗಡಿಯವನು ಪಾತ್ರೆ ಹಿಡಿದುಕೊಂಡೇ ಓಡಿ ಬಂದ. ಅಂಬರೀಶ್ ಕಣ್ಣು ಮುಚ್ಚಿ ಎರಡೂ ಕೈಗಳಿಂದ ಫ್ಯಾನಿನ ಕಂಬಿ ಹಿಡಿದುಕೊಂಡಿದ್ದ.

ಮುನ್ನೂರ ಎಪ್ಪತ್ತೆಂಟು.

ಶ್ವೇತ ಗಾಜಿಳಿಸಿ ತಲೆ ಹೊರಹಾಕಿದಳು. ಮುಖ ಕೆಂಪಾಗಿತ್ತು. “ಇಷ್ಟೇನಾ? ಮುಗ್ದೋಯ್ತಾ? ಇನ್ನೊಂದ್ ಸಲ ಒತ್ಲಾ?”

ಹನ್ನೆರಡು ಕುದುರೆಗಳಲ್ಲಿ ಸಂತೋಷನನ್ನು ಸೋಲಿಸಿದ ಖುಷಿಗೆ ಅಂಬರೀಶ್ ಜಿಗಿದಾಡಬೇಕಿತ್ತು. ಆದರೆ ನಾನೂರೈವತ್ತರಲ್ಲಿ ಎಪ್ಪತ್ತೆರಡು ಕುದುರೆ ಎಲ್ಲೋ ಸವೆದುಹೋದವೆಂಬುದು ಅವನಿಗೆ ಸಂಕಟವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷ ತೊಳೆದು ಒರೆಸಿ ಮಲಗಿಸಿದ ಕಾರು ಹೆಂಡತಿಯ ಕಾಲಿಗೆ ಒಂದು ನಿಮಿಷದಲ್ಲಿ ಬಾಯಿ ಬಿಟ್ಟಿತ್ತಲ್ಲ, ಅದು ಅವನನ್ನು ಚುಚ್ಚುತ್ತಿತ್ತು.

ಸಂತೋಷ್ ಸುಲಭಕ್ಕೆ ಬಿಡುವವನಲ್ಲ. ನೇರ ಮದ್ದೂರಿಗೆ ಹೋಗಿ ನಾಗಶ್ರೀಯ ಮುಂದೆ ದೂರಿಟ್ಟ. “ಇದು ಮೋಸ ಕಣವ್ವ. ಅವ್ನ್ ಕಾಲಲ್ಲಿ ಇರಾದು ಇನ್ನೂರ್ ಹದಿನಾಲ್ಕೇ. ಒತ್ತಿದ್ದು ಶ್ವೇತಕ್ಕ.”

ನಾಗಶ್ರೀ ನಕ್ಕು ಸುಸ್ತಾದ ಮೇಲೆ ತೀರ್ಪು ಕೊಟ್ಟಳು. “ಗೆದ್ದಿದ್ದು ಮಾವನ ಕಾರೇ ಚಿಕ್ಕಪ್ಪ. ಆದ್ರೆ ನೀವು ಹೇಳೋದೂ ಸರಿ. ಅದಕ್ಕೆ ಅತ್ತೆ ಓಡಿಸಿದ್ರೆ ಬತ್ತೀನಿ. ಮಾವ ಓಡಿಸಿದ್ರೆ ಮುಹೂರ್ತ ಮೀರೋಗುತ್ತೆ.”

ಅಂಬರೀಶ್ ಒಂದು ವಾರ ದಿನಕ್ಕೆರಡು ಸಲ ಕಾರು ತೊಳೆದ. ಆಮೇಲೆ ಒಂದು ಬೆಳಿಗ್ಗೆ, ಹಾಲಿನ ಗಾಡಿ ನಿಲ್ಲಿಸಿ ಬಂದ ಶ್ವೇತಳ ಮುಂದೆ ಕೀ ಇಟ್ಟ. “ರೋಡಲ್ಲಿ ಅಂಪ್ ಬಂದ್ರೆ ಓರೆಯಾಗಿ ಅತ್ತಿಸ್ಬೇಕು. ತಳ ತಾಗ್ತದೆ,” ಎಂದಷ್ಟೇ ಹೇಳಿದ.

ಮದುವೆಯ ದಿನ ಮುಂದಿನ ಸೀಟಿನಲ್ಲಿ ನಾಗಶ್ರೀ, ಸ್ಟೇರಿಂಗಿನಲ್ಲಿ ಶ್ವೇತ. ಹಿಂದಿನ ಸೀಟು ಹೆಸರಿಗಷ್ಟೇ ಇತ್ತು. ಅದರಲ್ಲಿ ಅಂಬರೀಶ್ ಮೊಣಕಾಲನ್ನು ಎದೆಗೆ ಆನಿಸಿ, ಹೂವಿನ ಬುಟ್ಟಿಯನ್ನು ಅದರ ಮೇಲೆ ಹಿಡಿದು ಕೂತ. ಊರು ದಾಟಿ ರಸ್ತೆ ಖಾಲಿಯಾದಾಗ ಶ್ವೇತ ಕನ್ನಡಿಯಲ್ಲಿ ಅವನನ್ನು ನೋಡಿದಳು.

ಅವನು ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. “ಒತ್ತು. ಏನಾಯ್ತದೋ ಆಗ್ಲಿ ಬುಡು.”

ಕೆಲವೇ ಕ್ಷಣ. ಬೆನ್ನು ಸೀಟಿಗೆ ಅಂಟಿತು, ಬುಟ್ಟಿಯ ಮಲ್ಲಿಗೆಯೆಲ್ಲ ಅವನ ಮುಖಕ್ಕೆ ಬಿತ್ತು, ನಾಗಶ್ರೀ ಸಣ್ಣ ಹುಡುಗಿಯ ಹಾಗೆ ಕಿರುಚಿದಳು. ಈ ಸಲ ಅಂಬರೀಶ್ ಕಣ್ಣು ಮುಚ್ಚಲಿಲ್ಲ. ತಾನೂ ಜೋರಾಗಿ ಕೂಗುತ್ತಿದ್ದೇನೆಂದು ಅವನಿಗೆ ತಿಳಿದದ್ದು ಶ್ವೇತ ಕಾಲು ತೆಗೆದ ಮೇಲೆಯೇ.

ಮಂಟಪ ಮುಟ್ಟಿದಾಗ ವಾಲಗದವರು ಇನ್ನೂ ಉಪ್ಪಿಟ್ಟು ತಿನ್ನುತ್ತಿದ್ದರು. ಹಿಂದೆಯೇ ಬಂದ ಸಂತೋಷ್, ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಅಂಬರೀಶನ ಎರಡೂ ಕೈ ಹಿಡಿದು ಹೊರಗೆಳೆದ. “ಎಂಗಿತ್ ಬಾವ?” ಎಂದು ಕೇಳಿದ.

ಅಂಬರೀಶ್ ಮೀಸೆಗೆ ಸಿಕ್ಕಿದ್ದ ಮಲ್ಲಿಗೆ ಎಸಳನ್ನು ತೆಗೆದು ಹಾಕಿ, “ನೀನೂ ಒಂದ್ಸಲ ಕೂತ್ಕಳ್ಲಾ,” ಎಂದ. “ನಿಮ್ ಶ್ವೇತಕ್ಕನ್ನ ಕೇಳ್ಕಂಡು.”