ಕೆಂದೆತ್ತಿನ ಗದ್ದುಗೆ

ಗಂಗಾಧರಪ್ಪನವರ ತೆಂಗಿನ ತೋಟದಲ್ಲಿ ಹೂತಿದ್ದದ್ದು ಒಂದು ಕೆಂದೆತ್ತು. ಗುಂಡಿ ತೋಡಿದ್ದು ಅವರ ತಮ್ಮ. ಅವನು ತೀರಿಕೊಂಡ ಮೇಲೆ ಈ ಸಂಗತಿ ಬಲ್ಲವರು ಇಬ್ಬರೇ ಉಳಿದರು: ಗಂಗಾಧರಪ್ಪನವರು ಮತ್ತು ತಮ್ಮನ ಹೆಂಡತಿ ಸುವರ್ಣಮ್ಮ.

ಅರಸೀಕೆರೆಯ ಪಕ್ಕ ಗ್ಯಾಸಿನ ದೊಡ್ಡ ಪೈಪು ಹಾಯುತ್ತದೆಂದು ಸರ್ವೆಯವರು ಬಂದಾಗ, ಗಂಗಾಧರಪ್ಪನವರು ಆ ಎತ್ತಿನ ಮೇಲೆ ನಾಲ್ಕು ಕಲ್ಲು ಜೋಡಿಸಿ, ವಿಭೂತಿ ಬಳಿದು, "ನಮ್ಮ ಮುತ್ತಜ್ಜನ ಗದ್ದುಗೆ" ಎಂದು ಕೈಮುಗಿದು ನಿಂತರು. ಹಿರಿಯರನ್ನು ತೋಟದಲ್ಲೇ ಮಣ್ಣು ಮಾಡುವ ಮನೆತನ. ಯಾರಿಗೂ ಅನುಮಾನ ಬರಲಿಲ್ಲ. ಪೈಪಿನ ಗೆರೆ ಬಾಗಿ ಪಕ್ಕದ ಸುವರ್ಣಮ್ಮನ ತೋಟಕ್ಕೆ ನುಗ್ಗಿತು. ಗಂಡ ನೆಟ್ಟು ಬೆಳೆಸಿದ ಮರಗಳು ಉರುಳಿದವು. ಪರಿಹಾರವೇನೋ ಬಂತು, ಆದರೆ ಪೈಪಿನ ಮೇಲೆ ಮತ್ತೆ ಮರ ನೆಡುವಂತಿಲ್ಲ.

"ಅದು ಎತ್ತು ಕಣ್ರಪ್ಪೋ!" ಎಂದು ಆಕೆ ಕೂಗಾಡಿದಳು.

"ಪಾಪ, ಮರ ಹೋದ ಸಂಕಟಕ್ಕೆ ಏನೇನೋ ಆಡ್ತಾವ್ಳೆ" ಎಂದರು ಭಾವ. ಊರು ತಲೆಯಾಡಿಸಿತು.

ಸುವರ್ಣಮ್ಮ ಬಾಯಿ ಮುಚ್ಚಿದಳು. ಮುಚ್ಚಿಕೊಂಡು ಹೂ ಕಟ್ಟತೊಡಗಿದಳು.

ಪ್ರತಿ ಸೋಮವಾರ ಗದ್ದುಗೆಗೆ ಪೂಜೆ. ವರ್ಷಕ್ಕೊಮ್ಮೆ ನೆಂಟರಿಷ್ಟರಿಗೆಲ್ಲ ದಾಸೋಹ. ಪರಿಹಾರದ ದುಡ್ಡಿನಲ್ಲೇ ಕಲ್ಲುಕಟ್ಟೆ ಕಟ್ಟಿಸಿ, ಹಳೇಬೀಡಿನ ಶಿಲ್ಪಿಯಿಂದ ಲಿಂಗ ತರಿಸಿ, ಮಠದ ಕರಿಬಸವಯ್ಯನವರಿಂದ ಪ್ರತಿಷ್ಠೆ ಮಾಡಿಸಿದಳು. ಎಲ್ಲರೆದುರು ಗಂಗಾಧರಪ್ಪನವರೂ ಅಡ್ಡಬೀಳಲೇಬೇಕಾಯಿತು. ಅವರ ಹಣೆ ಎತ್ತಿನ ಮೇಲಿನ ಮಣ್ಣಿಗೆ ತಾಗುವುದನ್ನು ಆಕೆ ವರ್ಷವರ್ಷವೂ ಹತ್ತಿರದಲ್ಲೇ ನಿಂತು ನೋಡಿದಳು. ದಾಸೋಹದ ಪಾಯಸವೂ ಆ ನೋಟದಷ್ಟು ಸಿಹಿಯಿರಲಿಲ್ಲ.

"ಮಹಾ ಶಿವಭಕ್ತೆ" ಎಂದಿತು ಊರು. ಊರು ತಪ್ಪಿದ್ದು ಇದು ಎರಡನೇ ಸಲ.

ಈ ವರ್ಷ ಗಂಗಾಧರಪ್ಪನವರ ಕೊಬ್ಬರಿಪುಡಿ ಕಾರ್ಖಾನೆಗೆ ದೊಡ್ಡ ಬಿಸ್ಕತ್ತು ಕಂಪನಿಯೊಂದು ಒಲಿಯಿತು. ಷರತ್ತು ಒಂದೇ: ಪುಡಿಗೆ ಹೊಗೆ ವಾಸನೆ ಇರಕೂಡದು. ಕರಟ ಉರಿಸುವುದು ನಿಂತು ಗ್ಯಾಸು ಬರಬೇಕು. ಗ್ಯಾಸ್ ಕಂಪನಿಯ ಶರ್ಮಿಳಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಕತಾರಿನಿಂದ ಬರುವ ಹಡಗು, ಬಂದರಿನಿಂದ ಹೊರಡುವ ಪೈಪು, ಊರೂರಿನ ಪಾಲು, ಎಲ್ಲ ಅದರಲ್ಲಿ. ಕಾರ್ಖಾನೆಗೆ ಕವಲು ಪೈಪು ತರಲು ದಾರಿ ಎರಡೇ. ಒಂದು ಸುವರ್ಣಮ್ಮನ ಉಳಿದ ಮರಗಳ ನಡುವೆ. ಆಕೆ ಸುತರಾಂ ಒಪ್ಪಲಿಲ್ಲ. ಇನ್ನೊಂದು ಗದ್ದುಗೆಯ ಅಡಿಗೇ. ಅದರಾಚೆ ಬರೀ ಬಂಡೆ.

"ಬೇಗ ಹೇಳಿ ಸರ್. ಹಡಗಲ್ಲಿ ಬಂದಿದ್ದನ್ನ ಇಟ್ಕೊಂಡು ಕೂರೋಕಾಗಲ್ಲ. ನೀವು ತಗೊಳ್ದಿದ್ರೆ ನಿಮ್ಮ ಪಾಲು ಬೇಲೂರಿನ ಹೋಟೆಲುಗಳಿಗೆ ಹೋಗುತ್ತೆ."

ಗಂಗಾಧರಪ್ಪನವರು ಸುವರ್ಣಮ್ಮನ ಜಗಲಿಗೆ ಬಂದರು.

"ಅಲ್ಲೇನೈತೆ ಅಂತ ನಿಂಗೂ ಗೊತ್ತಲ್ಲಮ್ಮ. ಒಂದು ಮಾತು ಹೇಳ್ಬಿಡು."

"ಏನಂತ ಭಾವ?"

"ಅದೇ... ಎತ್ತು ಅಂತ."

"ಶಿವ ಶಿವಾ! ಅವತ್ತು ಮರ ಹೋದ ಸಂಕಟಕ್ಕೆ ಏನೇನೋ ಆಡ್ಬಿಟ್ಟೆ. ನೀವೇ ಹೇಳಿದ್ರಲ್ಲ?"

ಮರುದಿನ ಆಕೆಯೇ ಕರಿಬಸವಯ್ಯನವರನ್ನೂ ನೆಂಟರನ್ನೂ ತೋಟಕ್ಕೆ ಕರೆಸಿದಳು. ಶರ್ಮಿಳಾ ಕಾಯುತ್ತಿದ್ದಳು.

"ಹಿರಿಯರ ಜಾಗ. ಅಗೀಬಹುದಾ, ನೀವೇ ಹೇಳಿ ಗಂಗಾಧರಪ್ಪ" ಎಂದರು ಅಯ್ಯನವರು.

ಎತ್ತು ಎಂದರೆ, ಎತ್ತಿಗೆ ಪ್ರತಿಷ್ಠೆ ಮಾಡಿದ ಅಯ್ಯನವರು ಎದುರಿಗೇ ಇದ್ದಾರೆ. ಮುತ್ತಜ್ಜ ಎಂದರೆ ಗ್ಯಾಸು ಹೋಯಿತು. ಗಂಗಾಧರಪ್ಪನವರು ಕೈಮುಗಿದರು.

"ಬ್ಯಾಡಿ ಸ್ವಾಮಿ."

"ಹಂಗೇ ಅಡ್ಡಬಿದ್ಬಿಡಿ ಭಾವ" ಎಂದಳು ಸುವರ್ಣಮ್ಮ, ಸೆರಗು ಹೊದ್ದುಕೊಂಡು. "ಅಗೀಬೇಕಂತ ಮನಸ್ಸಿಗೆ ಬಂದಿತ್ತಲ್ಲ, ತಪ್ಪಾಯ್ತು ಅನ್ನಿ."

ಅವರು ಅಡ್ಡಬಿದ್ದರು.

ಸಮುದ್ರ ದಾಟಿ, ಘಟ್ಟ ಹತ್ತಿ ಬಂದ ಗ್ಯಾಸು ಒಂದು ಸತ್ತ ಎತ್ತನ್ನು ದಾಟಲಾರದೆ ಬೇಲೂರಿನ ಪಾಲಾಯಿತು. ಬಿಸ್ಕತ್ತಿನವರು ಬೇರೆಡೆ ಹೋದರು. ಕರಟದ ಹೊಗೆ ಮೊದಲಿನಂತೆಯೇ ಏಳುತ್ತದೆ. ಗಾಳಿ ತಿರುಗಿದರೆ ಸುವರ್ಣಮ್ಮನ ಮನೆಯೊಳಕ್ಕೂ ನುಗ್ಗುತ್ತದೆ. ಆಕೆ ಕೆಮ್ಮುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಕಿಟಕಿ ಮಾತ್ರ ಮುಚ್ಚುವುದಿಲ್ಲ.