ಎಸಳು ಎಂದು ಬರೆಯುವಾಗ

ಕ್ರೀಮು ಮೆತ್ತಗಾಗಿದೆ, ಕೋನಿನ ತುದಿಯಿಂದ ಗೆರೆ ನಿಲ್ಲದೆ ಜಾರುತ್ತಿದೆ, ಫ್ರಿಜ್ಜಿನಲ್ಲಿ ಇನ್ನಷ್ಟು ಹೊತ್ತು ಇಡಬೇಕಿತ್ತು, ಆದರೆ ಗಿರಾಕಿ ಕಾಯುತ್ತ ನಿಂತಿದ್ದಾನೆ, ಪಕ್ಕದಲ್ಲಿ ಗಾಜಿಗೆ ಮೂಗೊತ್ತಿಕೊಂಡು ಅವನ ಪುಟ್ಟ ಮಗಳು — ಕೇಕಿನ ಮೇಲೆ ಏನು ಬರೀಲಿ ಅಣ್ಣಾ ಎಂದರೆ, ಎಸಲು ಅಂತ ಬರೀರಿ ಅಕ್ಕಾ ಎಂದ. ಎಸಲು. ಮತ್ತೆ ಅದೇ. ಬೇಕರಿಯಲ್ಲಿ ಎಲ್ಲರ ಬಾಯಲ್ಲೂ ಕೇಕಕ್ಕ ಆಗಿರುವ ಅವಳಿಗೆ ಊರ ಮಕ್ಕಳ ಹೆಸರೆಲ್ಲ ಬೆರಳ ತುದಿಯಲ್ಲೇ, ಯಾವುದು ಮೇಲೇಳುತ್ತಿದೆ, ಯಾವುದು ಮೂಲೆ ಸೇರಿತು, ಕ್ರೀಮು ಹಿಂಡಿ ಹಿಂಡಿಯೇ ಗೊತ್ತು. ಈ ಹೆಸರು ಮಾತ್ರ ಮೊದಲು ಬರುತ್ತಲೇ ಇರಲಿಲ್ಲ, ಟೀವಿ ಧಾರಾವಾಹಿಯ ನಾಯಕಿಗೆ ಇಟ್ಟಿದ್ದೇ ತಡ ಬೀದಿಗೊಂದು ಎಸಳು, ಒಂದೊಂದು ಬಾಯಲ್ಲಿ ಒಂದೊಂದು ಥರ, ಎಸಲು, ಏಸಳು, ಯಸೂಲು — ವಸೂಲಿಯವರು ಬಂದ ಹಾಗಿದೆ ಎಂದು ಒಲೆ ನೋಡಿಕೊಳ್ಳುವವನು ನಗುತ್ತಾನೆ, ಅವಳೂ ನಗುತ್ತಾಳೆ, ಅವನಿಗೇನು ಗೊತ್ತು. ಮನೆಯಲ್ಲಿ ಆ ಧಾರಾವಾಹಿಯ ಹಾಡು ಶುರುವಾದರೆ ಗಂಡ ಚಾನೆಲ್ ಬದಲಿಸುತ್ತಾನೆ. ಅವಳು ತನ್ನ ಮಗಳಿಗೆ ಆ ಹೆಸರಿಟ್ಟಾಗ ಅಂಥದ್ದೊಂದು ಹೆಸರನ್ನೇ ಯಾರೂ ಕೇಳಿರಲಿಲ್ಲ, ಇದೂ ಒಂದು ಹೆಸರೇನೇ ಎಂದಿದ್ದರು ಅತ್ತೆ, ಹೂವು ಅಂತಾದ್ರೂ ಇಡು, ಬರೀ ಎಸಳು ಅಂದ್ರೆ ಉದುರಿ ಬಿದ್ದಿದ್ದು ಅಂದ ಹಾಗಲ್ವಾ. ಗಂಡ, ಜನರ ನಾಲಿಗೆಗೆ ಕಷ್ಟ ಕಣೇ, ದಿನಾ ತಿದ್ದುತ್ತಾ ಕೂತಿರ್ತೀಯಾ — ತಿದ್ದುತ್ತೀನಿ ಎಂದಿದ್ದಳು, ತಿದ್ದಿದಳು ಕೂಡ, ಪಕ್ಕದ ಮನೆಯವರನ್ನು, ಶಿಶುವಿಹಾರದ ಟೀಚರನ್ನು, ನಾಲಿಗೆ ಹಿಂದಕ್ಕೆ ಮಡಿಸಿ ತೋರಿಸಿ, ಳ, ಳ, ಮಗಳಿಗೇ ಬರುತ್ತಿರಲಿಲ್ಲ, ಎದೆ ಮುಟ್ಟಿಕೊಂಡು ನಾನು ಎತಲು ಅನ್ನುತ್ತಿತ್ತು, ದೊಡ್ಡವಳಾದ ಮೇಲೆ ಬರುತ್ತೆ ಬಿಡು, ದೊಡ್ಡವಳಾದ ಮೇಲೆ.

ಕೈ ತನ್ನ ಪಾಡಿಗೆ ಬರೆದುಬಿಟ್ಟಿದೆ, ಎ, ಸ, ಳು — ಇದೇನಕ್ಕಾ, ಲು ಅಲ್ವಾ, ನಾವು ಹಾಗೇ ಇಟ್ಟಿರೋದು, ಮನೇಲೆಲ್ಲ ಹಾಗೇ ಕರೆಯೋದು. ಎಸಳು ಅಂದ್ರೆ ಹೂವಿಂದು ಅಣ್ಣಾ ಎನ್ನಲು ತೆರೆದ ಬಾಯಿ ಮುಚ್ಚಿಕೊಂಡಳು, ಅವನ ಮಗಳು, ಅವನಿಟ್ಟ ಹೆಸರು, ಉಸಿರಿನಿಂದ ಗಾಜು ಮಬ್ಬಾಗಿಸುತ್ತ ನಿಂತಿದೆಯಲ್ಲ, ಯಾವ ಅಕ್ಷರದಲ್ಲಾದರೂ ಇರಲಿ, ಇದ್ದರೆ ಸಾಕು. ಚೂರಿಯ ಮೊನೆಯಿಂದ ಳು ಕೆರೆದು ತೆಗೆದಳು, ಬಿಳಿಯ ಮೇಲೆ ಗುಲಾಬಿ ಕಲೆ ಉಳಿಯಿತು, ಅದನ್ನು ಸವರಿ ಮುಚ್ಚಿ ಲು ಬರೆದಳು, ಸರಿಹೋಯ್ತಾ ಅಣ್ಣಾ, ಹ್ಞೂಂ ಅಕ್ಕಾ, ಡಬ್ಬಿಗೆ ದಾರ ಸುತ್ತುತ್ತ, ನಿನ್ನ ಹೆಸರೇನು ಪುಟ್ಟಾ — ಕೇಳಬಾರದಿತ್ತು — ಎತಲು ಎಂದಿತು ಮಗು. ದಾರ ಬೆರಳಲ್ಲೇ ನಿಂತಿತು. ಫಿನಾಯಿಲ್ ವಾಸನೆ, ಆಸ್ಪತ್ರೆಯ ಬೆಂಚು, ಜ್ವರದಲ್ಲಿ ಬೇಯುತ್ತಿದ್ದ ತನ್ನ ಮಗಳನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ, ಗಂಡ ಔಷಧಿ ತರಲು ಹೋಗಿದ್ದಾನೆ, ನರ್ಸು ಹೊರಬಂದು ಬಾಗಿಲನ್ನು ಭುಜದಿಂದ ತಡೆದು ಹಿಡಿದು, ಇಸಾಲು ಕಡೆಯೋರು ಯಾರು, ಬೇಗ ಬನ್ನಿ, ಮಗು ಅಮ್ಮನ್ನ ಕೇಳ್ತಿದೆ, ಯಾರೂ ಏಳಲಿಲ್ಲ, ಇಸಾಲು, ಇಸಾಲು, ಅವಳೂ ಅತ್ತಿತ್ತ ನೋಡಿದಳು, ಪಾಪ, ಯಾರ ಮಗುವೋ, ಆ ತಾಯಿ ಎಲ್ಲಿ ಹೋದಳೋ ಅಂದುಕೊಂಡಿದ್ದಳು, ತನ್ನದೇ ಎಂದು ತಿಳಿದು ಓಡುವಷ್ಟರಲ್ಲಿ ಮಗು ಕೇಳುವುದನ್ನು ನಿಲ್ಲಿಸಿತ್ತು, ಆಮೇಲೆ ಏನನ್ನೂ ಕೇಳಲಿಲ್ಲ. ಕೊಡಿ ಅಕ್ಕಾ, ನಾನೇ ಕಟ್ಕೋತೀನಿ ಎನ್ನುತ್ತಿದ್ದಾನೆ ಇವನು, ಕೊಡಬೇಕು, ಕೈ ಏಳುತ್ತಿಲ್ಲ, ಭುಜದಿಂದ ತಡೆದ ಬಾಗಿಲು, ಆಡುತ್ತಿರುವ ನರ್ಸಿನ ತುಟಿ, ಪಾಪ ಯಾರ ಮಗುವೋ ಎಂದು ಬೆಂಚಿನ ಮೇಲೆ ಕೂತೇ ಇರುವ ಅವಳು, ಭುಜದಿಂದ ತಡೆದ ಬಾಗಿಲು, ಕೂತೇ ಇರುವ ಅವಳು —