ಗುರುವಿನ ದನಿ

"ಯಾಕ್ರೀ ಸುಮ್ನಾದ್ರಿ? ಈಗೇನಾಯ್ತು?"

"ಆಗೋದೇನು? ಇಬ್ಬರೂ ಕತ್ತಿ ಎತ್ತಿಕೊಂಡೇ ಬಾಲ್ಯದ ಕಥೆ ಶುರು ಹಚ್ಕೊಂಡ್ರು. ಕಾಲ ಕೆಳಗೆ ಸೇತುವೆ ಹೊತ್ತಿ ಉರೀತಿದೆ!" ಎಂದ ದರ್ಜಿ, ಟೀವಿಯ ಮೇಲೆ ಕಣ್ಣಿಟ್ಟು.

ದಿಂಬಿಗೊರಗಿದ್ದ ಹೆಂಡತಿ ನಕ್ಕಳು. ಅವಳ ಒಂದು ಕಣ್ಣು ಮೊದಲಿನಿಂದಲೂ ಕಾಣದು. ಇನ್ನೊಂದಕ್ಕೆ ಆಪರೇಷನ್ ಆಗಿ ಪಟ್ಟಿ ಕಟ್ಟಿ ಎರಡು ವಾರವಾಗಿತ್ತು. ದಿನಾ ಮಧ್ಯಾಹ್ನ ಮೂರಕ್ಕೆ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಈ ಜಪಾನಿ ಸಾಹಸ ಧಾರಾವಾಹಿ ಹಾಕುತ್ತಿದ್ದ. ಪಾತ್ರಗಳು ಜಪಾನಿಯಲ್ಲಿ ಮಾತಾಡಿದ್ದನ್ನು, ಕೆಳಗೆ ಮೂಡುವ ಅನುವಾದ ನೋಡಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ದನಿ ಮಾಡಿ ಓದುತ್ತಿದ್ದ.

ಹೊಡೆದಾಟ ಅಂದರೆ ಹೀಗಿರಬೇಕು, ಏಟು ತಿಂದವನಿಗೆ ನಿಜಕ್ಕೂ ನೋವಾಗುತ್ತದೆ ಎಂದು ಅವನು ಮೆಚ್ಚುತ್ತಿದ್ದ. ಆದರೆ ನಾಯಕನ ಕೋಟು ಚಿಂದಿಯಾಗಿ, ಮುಂದಿನ ದೃಶ್ಯದಲ್ಲಿ ಹೊಲಿಗೆಯ ಗುರುತೂ ಇಲ್ಲದೆ ಸರಿಯಾಗಿರುವುದನ್ನು ಕಂಡರೆ ಮೈ ಉರಿಯುತ್ತಿತ್ತು. "ಯಾವನಪ್ಪ ಇವನ ದರ್ಜಿ?" ಹೆಂಡತಿಗೆ ಕೋಟೂ ಬೇಡ, ಕತ್ತಿಯೂ ಬೇಡ. ಅವಳ ಜೀವವೆಲ್ಲ ನಾಯಕನ ಗುರುವಿನ ಮೇಲೆ. ಬೈಯುತ್ತ ಬೈಯುತ್ತಲೇ ಶಿಷ್ಯನ ಗಾಯ ತೊಳೆಯುವ ಮುದುಕನ ಮೇಲೆ.

ಆ ಮುದುಕ ಒಂಬತ್ತನೇ ಕಂತಿನಲ್ಲಿ ಸತ್ತ. ಕಣ್ಣಲ್ಲಿ ನೀರು ಬರಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ದರ್ಜಿ ಗುರುವಿಗೆ ಬರೀ ಗಾಯ ಎಂದುಬಿಟ್ಟ. ಅಲ್ಲಿಂದ ಐದು ಕಂತು, ಯಾರ್ಯಾರದೋ ಮಾತಿನ ಮೇಲೆ ಗುರುವಿನ ಗೊಗ್ಗರು ದನಿ ಹೊದಿಸಿ, ಸತ್ತವನನ್ನು ಬದುಕಿಸಿಕೊಂಡು ಬಂದಿದ್ದ.

"ನಾಳೆ ಪಟ್ಟಿ ಬಿಚ್ತಾರಲ್ಲ, ಮೊದಲಿಂದ ನೋಡೋಣ," ಎಂದಳು.

ದರ್ಜಿಗೆ ಕಣ್ಣು ಬಂದವಳು ಮೊದಲು ಕಾಣುವುದು ತನ್ನ ಸುಳ್ಳನ್ನೇ ಎಂದು ಸಂಕಟವಾಯಿತು. "ಒಂದು ಮಾತು ಕಣೇ... ಆ ಗುರು..."

"ಒಂಬತ್ತರಲ್ಲೇ ಹೋದ್ರು. ಗೊತ್ತು."

"ಯಾರು ಹೇಳಿದ್ರು?"

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತವಳು ನಾನು. ಹಲೋ ಅನ್ನೋ ಮೊದಲೇ ಉಸಿರು ಕೇಳಿ ಯಾರು ಅಂತ ಹೇಳ್ತಿದ್ದೆ. ಆ ಮುದುಕನ ಜಪಾನಿ ದನಿ ಆಮೇಲೆ ಒಂದು ಸಲಾನೂ ಬರಲಿಲ್ಲ. ಬಂದಿದ್ದೆಲ್ಲ ನಿಮ್ದೇ. ಒಂದಿನ ಹುಡುಗಿ ಮಾತಿನ ಮೇಲೂ ಗುರುಗಳನ್ನ ಕೂರಿಸಿದ್ರಿ!"

"ಮತ್ತೆ ಯಾಕೆ ಸುಮ್ನಿದ್ದೆ?"

"ಮದುವೆಯಾದಾಗಿಂದ ನೀವು ಬಾಯಿ ಬಿಟ್ಟಿದ್ದು ಅಳತೆ ಹೇಳೋಕೆ ಮಾತ್ರ. ಈಗ ಮಾತಾಡ್ತಿದೀರ. ನಾನು ಬಾಯಿ ಬಿಟ್ರೆ ನಿಲ್ಲಿಸಿಬಿಡ್ತೀರೇನೋ ಅಂತ ಭಯ." ಅವಳು ತಡವರಿಸಿ ಅವನ ಕೈ ಹಿಡಿದಳು. "ಡಾಕ್ಟರು ಅಳಬಹುದು ಅಂದ ಮೇಲೆ ಅಳ್ತೀನಿ. ಇವತ್ತು ಬದುಕಿರಲಿ. ಏನಂತಾರೆ ಗುರುಗಳು?"

ಅಷ್ಟರಲ್ಲಿ ಟೀವಿಯಲ್ಲಿ ಹೊಡೆದಾಟ ಮುಗಿದಿತ್ತು. ನಾಯಕ ಹಿಮದಲ್ಲಿ ಒಬ್ಬನೇ ನಡೆಯುತ್ತಿದ್ದ. ಯಾರ ಮಾತೂ ಇರಲಿಲ್ಲ, ಕೆಳಗೆ ಓದಲು ಒಂದು ಸಾಲೂ ಇರಲಿಲ್ಲ.

ದರ್ಜಿ ಗಂಟಲು ಸರಿಮಾಡಿಕೊಂಡ.

"ನಿಧಾನ ಕಣೋ, ಜಾರುತ್ತೆ," ಎಂದ ಗೊಗ್ಗರು ದನಿಯಲ್ಲಿ. "ನಡಿ. ನಾನು ಹಿಂದೇನೇ ಇದೀನಿ."